ನೀರಿನೊಳಗಿನ ಉಷ್ಣತಾಮಾಪಕ: ವಿದ್ಯಾರ್ಥಿಗಳಿಗೊಂದು ಅಳತೆಯ ಪಾಠ

ಸ್ನಾನದ ಹಂಡೆಯ ನೀರು ಹದವಾಗಿದೆಯೇ ಎಂಬುದನ್ನು ತಿಳಿಯಲು ನಮ್ಮ ಮನೆಗಳ ಹಿರಿಯರು ಯಾವ ಉಪಕರಣವನ್ನೂ ಅರಸಿದವರಲ್ಲ. ಬೆರಳನ್ನು ಅದ್ದಿ ನೋಡಿ, "ಇನ್ನೊಂದು ಚೊಂಬು ತಣ್ಣೀರು ಬೆರೆಸು" ಎನ್ನುತ್ತಿದ್ದರು. ಮಗುವಿಗೆ ಜ್ವರವಿದೆಯೇ ಎಂಬುದನ್ನು ತಾಯಿ ಅಂಗೈಯಿಂದಲೇ ಅರಿಯುತ್ತಿದ್ದಳು. ದೋಸೆಯ ಕಾವಲಿ ಕಾದಿದೆಯೇ ಎಂಬುದನ್ನು ನಾಲ್ಕು ಹನಿ ನೀರು ಚಿಮುಕಿಸಿ ನಿಶ್ಚಯಿಸುತ್ತಿದ್ದಳು. ಅನುಭವದಿಂದ ಬಂದ ಈ ತಿಳಿವಳಿಕೆ ಹಗುರವಾದುದೇನೂ ಅಲ್ಲ. ಆದರೆ ಅದಕ್ಕೊಂದು ಮಿತಿಯುಂಟು. ಮೂರು ಪಾತ್ರೆಗಳಲ್ಲಿ ಬಿಸಿನೀರು, ತಣ್ಣೀರು, ಉಗುರುಬೆಚ್ಚಗಿನ ನೀರು ತುಂಬಿ, ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಮತ್ತೊಂದನ್ನು ತಣ್ಣೀರಿನಲ್ಲಿಯೂ ಒಂದು ನಿಮಿಷ ಇರಿಸಿ, ಅನಂತರ ಎರಡನ್ನೂ ಒಟ್ಟಿಗೆ ಉಗುರುಬೆಚ್ಚಗಿನ ನೀರಿಗೆ ಅದ್ದಿದರೆ, ಒಂದು ಕೈ ಅದನ್ನು ತಣ್ಣಗಿದೆಯೆಂದೂ ಇನ್ನೊಂದು ಬಿಸಿಯಾಗಿದೆಯೆಂದೂ ಸಾಕ್ಷಿ ನುಡಿಯುತ್ತದೆ. ಒಂದೇ ನೀರು, ಒಬ್ಬನೇ ಮನುಷ್ಯ, ಎರಡು ತೀರ್ಪು! ಈ ವಿರೋಧವನ್ನು ಪರಿಹರಿಸಲೆಂದೇ ಉಷ್ಣತಾಮಾಪಕ ಹುಟ್ಟಿತು.

ಫ್ಯಾರನ್‌ಹೀಟನು 1714ರಲ್ಲಿ ಪಾದರಸದ ಉಷ್ಣತಾಮಾಪಕವನ್ನು ರೂಪಿಸಿದನು. ಸೆಲ್ಸಿಯಸನು 1742ರಲ್ಲಿ ನೀರಿನ ಎರಡು ಸ್ಥಿತಿಗಳ ನಡುವಣ ಅಂತರವನ್ನು ನೂರು ಭಾಗ ಮಾಡಿದನು. ಅಲ್ಲಿಂದ ಇಂದಿನವರೆಗೆ ಗಾಜಿನ ನಳಿಕೆಯ ಈ ಮಾಪಕವೇ ಶಾಲೆಗಳ ಪ್ರಯೋಗಶಾಲೆಯನ್ನು ಆಳಿತೆನ್ನಬಹುದು. ಈಗ ಅದರ ಸ್ಥಾನಕ್ಕೆ ಹೊಸದೊಂದು ಉಪಕರಣ ಬಂದಿದೆ. ಕಿರುಬೆರಳಿಗಿಂತ ಸಣ್ಣದಾದ ಉಕ್ಕಿನ ಕೊಳವೆ, ಅದರ ಹಿಂದೆ ಒಂದು ಮೀಟರ್ ಉದ್ದದ ತಂತಿ: ನೋಡಲು ಇಷ್ಟೇ. ನೂರು ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಈ ಜಲನಿರೋಧಕ ಡಿಜಿಟಲ್ ಉಷ್ಣತಾ ಸಂವೇದಕವನ್ನು ವಿದ್ಯಾರ್ಥಿಗಳು ಹೇಗೆ ಬಳಸಬೇಕು, ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ನೆರೆಯಲ್ಲಿಯೇ ನಡೆದ ಒಂದು ಅಳತೆ

ವಿಷಯಪ್ರವೇಶಕ್ಕೆ ಮುನ್ನ ನಮ್ಮ ಊರಿನದೇ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. 1800ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಕೃಷ್ಣರಾಜಪುರದಿಂದ ಅಗರದವರೆಗೆ ಸುಮಾರು ಏಳೂವರೆ ಮೈಲಿಗಳ ನೇರ ರೇಖೆಯೊಂದನ್ನು ಅಳೆಯಿಸಿದನು. ಎರಡು ವರ್ಷಗಳ ತರುವಾಯ ಮದರಾಸಿನಿಂದ ಆರಂಭವಾಗಿ, ಮುಂದೆ ಹಿಮಾಲಯದವರೆಗೆ ಹಬ್ಬಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಇದು ಪೂರ್ವಸಿದ್ಧತೆಯಂತಿತ್ತು. ಅಳತೆಗೆ ಬಳಸಿದ್ದು ನೂರು ಅಡಿ ಉದ್ದದ ಉಕ್ಕಿನ ಸರಪಣಿ.

ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ನೂರು ಅಡಿಯ ಸರಪಣಿ ಉದ್ದವಾಗುವುದು ನಾಲ್ಕು ಮಿಲಿಮೀಟರಿಗೂ ಕಡಿಮೆ. ಅಷ್ಟೇ ತಾನೆ ಎಂದು ಅಲಕ್ಷಿಸಿದರೆ ಏಳೂವರೆ ಮೈಲಿಯ ಕೊನೆಯಲ್ಲಿ ಆ ಅಲ್ಪ ದೋಷವೇ ಸುಮಾರು 1.4 ಮೀಟರಿನಷ್ಟು ಬೆಳೆದು ನಿಲ್ಲುತ್ತದೆ. ಆದುದರಿಂದ ಲ್ಯಾಂಬ್ಟನ್ನನು ಸರಪಣಿಯ ಬಳಿ ಉಷ್ಣತಾಮಾಪಕಗಳನ್ನು ಇರಿಸಿ, ಹಿಗ್ಗಿದ ಉದ್ದವನ್ನು ಲೆಕ್ಕದಲ್ಲಿ ಸರಿಪಡಿಸುತ್ತಿದ್ದನು. ಆತನು ಭೂಮಿಯನ್ನು ಅಳೆದನು. ಜೊತೆಗೆ ಅಳೆಯುವ ಸಾಧನವನ್ನೂ ಅಳೆದನು. ಇಂದು ಕೃಷ್ಣರಾಜಪುರದ ತೂಗುಸೇತುವೆಯ ಮೇಲೆ ಬಸ್ಸಿನಲ್ಲಿ ಸಾಗುವ ನಮ್ಮ ವಿದ್ಯಾರ್ಥಿಗಳು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ಹೇಳಲಿರುವ ಪಾಠದ ಅರ್ಧಭಾಗ ಆಗಲೇ ಮುಗಿದಂತೆ.

ಉಪಕರಣದ ಸ್ವರೂಪ

ಹವ್ಯಾಸಿಗಳು ಹೆಚ್ಚಾಗಿ ಬಳಸುವ ಸಂವೇದಕದ ಹೆಸರು ಡಿಎಸ್ 18ಬಿ20. ಅಮೆರಿಕದ ಡಲ್ಲಾಸ್ ಸೆಮಿಕಂಡಕ್ಟರ್ ಸಂಸ್ಥೆ ಇದನ್ನು ರೂಪಿಸಿತು. ಆ ಸಂಸ್ಥೆ 2001ರಲ್ಲಿ ಮ್ಯಾಕ್ಸಿಮ್ ಸಂಸ್ಥೆಯಲ್ಲಿಯೂ, ಮ್ಯಾಕ್ಸಿಮ್ 2021ರಲ್ಲಿ ಅನಲಾಗ್ ಡಿವೈಸಸ್ ಸಂಸ್ಥೆಯಲ್ಲಿಯೂ ವಿಲೀನವಾಯಿತು. ಉಕ್ಕಿನ ಕೊಳವೆಯ ತುದಿಯಲ್ಲಿ ಅಡಗಿರುವುದು ಮೂರು ಕಾಲುಗಳುಳ್ಳ ಕಪ್ಪನೆಯ ಒಂದು ಸಣ್ಣ ತುಣುಕು. ಸಾಮಾನ್ಯ ಟ್ರಾನ್ಸಿಸ್ಟರಿನಂತೆಯೇ ಕಾಣುತ್ತದೆ. ಸಿಲಿಕಾನಿನ ವಿದ್ಯುತ್ ಗುಣಗಳು ಉಷ್ಣತೆಯೊಡನೆ ಕ್ರಮಬದ್ಧವಾಗಿ ಬದಲಾಗುತ್ತವೆ. ಆ ಬದಲಾವಣೆಯನ್ನು ಈ ತುಣುಕು ತನ್ನೊಳಗೇ ಅಳೆದು, ಸಂಖ್ಯೆಯಾಗಿ ಪರಿವರ್ತಿಸಿ ಹೊರಗೆ ಕಳುಹಿಸುತ್ತದೆ. ಅದಕ್ಕಾಗಿಯೇ ಇದಕ್ಕೆ ಡಿಜಿಟಲ್ ಎಂಬ ವಿಶೇಷಣ.

ಇದರಿಂದ ಆಗುವ ಅನುಕೂಲವೇನು? ಹಳೆಯ ಬಗೆಯ ಥರ್ಮಿಸ್ಟರಿನಲ್ಲಿ ಉಷ್ಣತೆಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುತ್ತದೆ. ಆ ರೋಧವನ್ನು ದೂರದಿಂದ ಅಳೆಯುವಾಗ ತಂತಿಯ ರೋಧವೂ ಅದರೊಡನೆ ಸೇರಿಕೊಂಡು ಲೆಕ್ಕ ಕೆಡಬಹುದು. ಡಿಜಿಟಲ್ ಸಂವೇದಕದಲ್ಲಿ ತಂತಿಯ ಮೇಲೆ ಸಾಗುವುದು ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ. ಪತ್ರವನ್ನು ಹೊತ್ತು ತರುವವನು ಸ್ವಲ್ಪ ತಡಮಾಡಿದರೂ ಒಳಗಿನ ಬರಹ ಬದಲಾಗುವುದಿಲ್ಲವಷ್ಟೆ, ಇದೂ ಹಾಗೆಯೇ. ಸಾಲದುದಕ್ಕೆ, ಕಳುಹಿಸಿದ ಸಾಲಿನ ಕೊನೆಯಲ್ಲಿ ತಾಳೆ ನೋಡಲು ಬೇಕಾದ ಒಂದು ಪರೀಕ್ಷಾ ಸಂಖ್ಯೆಯನ್ನೂ ಈ ತುಣುಕು ಸೇರಿಸುತ್ತದೆ. ದಾರಿಯಲ್ಲಿ ಅಕ್ಷರ ಅಳಿಸಿದ್ದರೆ ಅದರಿಂದ ಗೊತ್ತಾಗುತ್ತದೆ.

ಇನ್ನೊಂದು ಸೊಗಸನ್ನು ಹೇಳಬೇಕು. ಪ್ರತಿಯೊಂದು ತುಣುಕಿಗೂ ಕಾರ್ಖಾನೆಯಲ್ಲಿಯೇ ಅರವತ್ತನಾಲ್ಕು ಬಿಟ್‌ಗಳ, ಬೇರಾವುದಕ್ಕೂ ಇಲ್ಲದ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಆದಕಾರಣ ಹಲವು ಸಂವೇದಕಗಳನ್ನು ಒಂದೇ ತಂತಿಗೆ ಜೋಡಿಸಿದರೂ ಗೊಂದಲವಿಲ್ಲ. ತರಗತಿಯಲ್ಲಿ ಉಪಾಧ್ಯಾಯರು ಹಾಜರಿ ಕರೆಯುವಾಗ ಹೆಸರು ಕರೆದವನೊಬ್ಬನೇ "ಹಾಜರ್ ಸಾರ್" ಎನ್ನುವಂತೆ, ಸಂಖ್ಯೆ ಕರೆದ ಸಂವೇದಕವೊಂದೇ ಉತ್ತರ ಕೊಡುತ್ತದೆ, ಉಳಿದವು ಮೌನವಾಗಿರುತ್ತವೆ.

ಜೋಡಣೆಯ ಕ್ರಮ

ಸಂವೇದಕದ ಮಾತನ್ನು ಆಲಿಸಲು ಒಂದು ಸಣ್ಣ ಗಣಕ ಫಲಕ ಬೇಕು. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಆರ್ಡುಯಿನೊ ಫಲಕ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಸಂವೇದಕದಿಂದ ಸಾಮಾನ್ಯವಾಗಿ ಮೂರು ತಂತಿಗಳು ಹೊರಬರುತ್ತವೆ. ಕೆಂಪು ತಂತಿಯನ್ನು ಐದು ವೋಲ್ಟಿಗೂ, ಕಪ್ಪನ್ನು ಗ್ರೌಂಡಿಗೂ, ಹಳದಿಯನ್ನು ಫಲಕದ ಒಂದು ಪಿನ್ನಿಗೂ ಸೇರಿಸುವುದು ವಾಡಿಕೆ. ಆದರೆ ಬಣ್ಣಗಳು ತಯಾರಕರ ಇಚ್ಛೆಯಂತೆ ಬದಲಾಗುವುದುಂಟು. ಆದುದರಿಂದ ಕೊಂಡಾಗಲೇ ಅಂಗಡಿಯವರಿಂದ ವಿವರಪತ್ರವನ್ನು ಕೇಳಿ ಪಡೆಯುವುದು ಜಾಣತನ. ತಂತಿಗಳನ್ನು ತಿರುವುಮುರುವಾಗಿ ಜೋಡಿಸಿದರೆ ಕೊಳವೆ ಕ್ಷಣದಲ್ಲಿ ಕಾದು ಸಂವೇದಕ ಹಾಳಾಗಬಹುದು.

ಕೆಂಪು ಮತ್ತು ಹಳದಿ ತಂತಿಗಳ ನಡುವೆ 4.7 ಕಿಲೋ ಓಮ್‌ನ ಒಂದು ರೆಸಿಸ್ಟರನ್ನು ತಪ್ಪದೆ ಹಾಕಬೇಕು. ಇದು ಏಕೆಂದು ಮಕ್ಕಳು ಕೇಳುತ್ತಾರೆ; ಕೇಳಬೇಕು. ಮಾತಿನ ತಂತಿಯನ್ನು ಸಂವೇದಕವಾಗಲಿ ಫಲಕವಾಗಲಿ ಕೆಳಗೆ ಎಳೆಯಬಲ್ಲವೇ ಹೊರತು ಮೇಲೆತ್ತಲಾರವು. ಯಾರೂ ಎಳೆಯದಿದ್ದಾಗ ಅದನ್ನು ಮೇಲಿನ ಮಟ್ಟಕ್ಕೆ ಮರಳಿ ತರುವುದು ಈ ರೆಸಿಸ್ಟರ್. ಬಾವಿಯ ರಾಟೆಗೆ ಕಟ್ಟಿದ ಪ್ರತಿಭಾರದಂತೆ ಇದರ ಕೆಲಸ. ಇದನ್ನು ಮರೆತ ಜೋಡಣೆಯಲ್ಲಿ ಸಂವೇದಕ ಇದ್ದೂ ಇಲ್ಲದಂತೆ. ಸಾಮಾನ್ಯವಾಗಿ ಬಳಸುವ ಕ್ರಮವಿಧಿ ಆಗ −127 ಎಂಬ ಸಂಖ್ಯೆಯನ್ನು ತೋರಿಸುತ್ತದೆ. ಅದು ಉಷ್ಣತೆಯಲ್ಲ, "ಉತ್ತರವಿಲ್ಲ" ಎಂಬುದಕ್ಕೆ ಇಟ್ಟುಕೊಂಡ ಸಂಕೇತ.

ವಿದ್ಯುತ್ತನ್ನು ಬ್ಯಾಟರಿಯಿಂದಲೋ ಐದು ವೋಲ್ಟಿನ ಸುರಕ್ಷಿತ ಮೂಲದಿಂದಲೋ ಮಾತ್ರ ಪಡೆಯಬೇಕು. ನೀರಿರುವೆಡೆಗೆ ಗೋಡೆಯ ಪ್ಲಗ್ಗಿನಿಂದ ತಂತಿ ಎಳೆಯುವುದನ್ನು ಅಧ್ಯಾಪಕರು ಯಾವ ಕಾರಣಕ್ಕೂ ಒಪ್ಪಬಾರದು.

ನೀರಿಗೆ ಜ್ವರ ಬಂದ ಪ್ರಸಂಗ

ಇಲ್ಲಿ ನನ್ನದೇ ಒಂದು ತಪ್ಪನ್ನು ವಾಚಕರ ಮುಂದಿಡಬೇಕಾಗಿದೆ. ಈ ಸಂವೇದಕಗಳನ್ನು ಮೊದಲ ಬಾರಿ ತರಿಸಿದ ವರ್ಷ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಶಾಲೆಯ ಹಿತ್ತಲಿನ ನೀರಿನ ತೊಟ್ಟಿಯ ಉಷ್ಣತೆಯನ್ನು ರಾತ್ರಿಯಿಡೀ ದಾಖಲಿಸುವ ಯೋಜನೆಯನ್ನು ಮಕ್ಕಳಿಗೆ ಕೊಟ್ಟೆನು. ಫಲಕವೇ ಅಂಕಿಗಳನ್ನು ಬರೆದುಕೊಂಡು ಸರಾಸರಿಯನ್ನೂ ತೆಗೆಯಿತು. ಮಕ್ಕಳು ಅಂದವಾದ ರೇಖಾಚಿತ್ರ ಬರೆದು ಗೋಡೆಗೆ ಅಂಟಿಸಿದರು. ಬಂದವರೆಲ್ಲರೂ ನೋಡಿದರು, ಬೆನ್ನು ತಟ್ಟಿದರು, ಮುಂದೆ ನಡೆದರು. ನಾನೂ ಹೆಮ್ಮೆಯಿಂದ ಪಕ್ಕದಲ್ಲಿ ನಿಂತಿದ್ದೆನು.

ಮಧ್ಯಾಹ್ನದ ಹೊತ್ತಿಗೆ ಹಿರಿಯರೊಬ್ಬರು ಬಂದರು. ಬಹಳ ಹಿಂದಿನ ವಿದ್ಯಾರ್ಥಿ. ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಚಿತ್ರವನ್ನು ಕನ್ನಡಕ ಸರಿಸಿ ನೋಡಿದರು. ಅನಂತರ ಹಿತ್ತಲಿಗೆ ಹೋಗಿ ತೊಟ್ಟಿಯಲ್ಲಿ ಕೈ ಅದ್ದಿ, ಒದ್ದೆ ಕೈಯಲ್ಲಿಯೇ ಹಿಂದಿರುಗಿದರು.

"ಏನಪ್ಪಾ ಮರಿ, ಬೆಳಗಿನ ಜಾವ ನಾಲ್ಕು ಗಂಟೆಗೆ ನಿಮ್ಮ ತೊಟ್ಟಿಯ ನೀರಿಗೆ ಜ್ವರ ಬಂದಿತ್ತೇ?" ಎಂದು ಕೇಳಿದರು.

"ಇಲ್ಲ ತಾತ, ಲೆಕ್ಕ ನಾವು ಹಾಕಿದ್ದಲ್ಲ, ಯಂತ್ರವೇ ಹಾಕಿದ್ದು" ಎಂದನು ಹುಡುಗ.

"ಯಂತ್ರ ಹಾಕಿದ್ದು ಸರಿ. ನೀವು ನೋಡಿದಿರಾ?" ಎಂದವರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು?" ಎಂದರು.

ನಾನು ನೋಡಿರಲಿಲ್ಲ. ಚಿತ್ರದಲ್ಲಿ ನಾಲ್ಕು ಗಂಟೆಯ ಸರಾಸರಿ 37.8 ಡಿಗ್ರಿ ಎಂದಿತ್ತು. ಅದು ಮನುಷ್ಯನ ಜ್ವರದ ಉಷ್ಣತೆ! ದಾಖಲೆಯನ್ನು ತೆರೆದು ನೋಡಿದಾಗ ಆ ಗಂಟೆಯ ಐದು ಅಂಕಿಗಳಲ್ಲಿ ನಾಲ್ಕು ಇಪ್ಪತ್ತಾರು, ಐದನೆಯದು ಎಂಬತ್ತೈದು. ಐದನ್ನೂ ಕೂಡಿಸಿ ಐದರಿಂದ ಭಾಗಿಸಿದರೆ 37.8 ಬರುತ್ತದೆ. ಗಣಿತ ಸರಿಯಾಗಿತ್ತು, ಸತ್ಯ ತಪ್ಪಿತ್ತು.

ಎಂಬತ್ತೈದು ಎಲ್ಲಿಂದ ಬಂತು? ಈ ಸಂವೇದಕಕ್ಕೆ ವಿದ್ಯುತ್ ಹೊಸದಾಗಿ ಬಂದೊಡನೆ, ಇನ್ನೂ ಅಳತೆಯನ್ನೇ ಮಾಡದಿರುವಾಗ, ಅದರ ನೆನಪಿನ ಕೋಶದಲ್ಲಿ ಇರುವ ಆರಂಭದ ಸಂಖ್ಯೆ 85. ಸಡಿಲವಾದ ತಂತಿಯಿಂದ ರಾತ್ರಿ ಒಮ್ಮೆ ವಿದ್ಯುತ್ ಕಡಿದು ಬಂದಿತ್ತು. ಸಂವೇದಕ ಸುಳ್ಳು ಹೇಳಲಿಲ್ಲ. ಅದು ಇನ್ನೂ ಬಾಯಿ ತೆರೆದಿರಲೇ ಇಲ್ಲ. ಮಾತನಾಡುವ ಮುನ್ನವೇ ನಾವು ಅದರ ಹೇಳಿಕೆಯನ್ನು ಬರೆದುಕೊಂಡಿದ್ದೆವು. ಅತ್ಯಂತ ಸೂಕ್ಷ್ಮವಾದ ಅಳತೆಗೆ ಈ ತುಣುಕು ಸುಮಾರು ಮುಕ್ಕಾಲು ಸೆಕೆಂಡನ್ನು ತೆಗೆದುಕೊಳ್ಳುತ್ತದೆ. ಅಷ್ಟು ಕಾಯದೆ ಓದಿದರೂ ಇದೇ ಗತಿ.

ಅಂದು ಚಿತ್ರವನ್ನು ಗೋಡೆಯಿಂದ ತೆಗೆಯಲು ಮಕ್ಕಳು ಹೊರಟರು. ಹಿರಿಯರು ತಡೆದರು. "ತೆಗೆಯಬೇಡಿ. ಪಕ್ಕದಲ್ಲಿ ತಪ್ಪು ಹೇಗಾಯಿತೆಂದು ಬರೆದು ಅಂಟಿಸಿ" ಎಂದರು. ಹಾಗೆಯೇ ಮಾಡಿದೆವು. ಆ ವರ್ಷ ಹೆಚ್ಚು ಜನ ನಿಂತು ಓದಿದ್ದು ಆ ಎರಡನೆಯ ಹಾಳೆಯನ್ನೇ.

ಸೂಕ್ಷ್ಮತೆ ಬೇರೆ, ನಿಖರತೆ ಬೇರೆ

ಸಂವೇದಕ 25.0625 ಎಂದು ತೋರಿಸಿದಾಗ ದಶಾಂಶದ ನಂತರ ನಾಲ್ಕು ಸ್ಥಾನಗಳನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಈ ಸಂಖ್ಯೆ ಹುಟ್ಟುವ ಬಗೆಯನ್ನು ತಿಳಿದರೆ ಬೆರಗು ಕರಗುತ್ತದೆ. ತುಣುಕು ಕಳುಹಿಸುವುದು ಪೂರ್ಣಾಂಕವನ್ನು. ಅದನ್ನು ಹದಿನಾರರಿಂದ ಭಾಗಿಸಿದರೆ ಡಿಗ್ರಿಯಾಗುತ್ತದೆ. 401ನ್ನು 16ರಿಂದ ಭಾಗಿಸಿದರೆ 25.0625. ಅಂದರೆ ಇದು ಏರಬಲ್ಲ ಅತ್ಯಂತ ಸಣ್ಣ ಮೆಟ್ಟಿಲು ಒಂದು ಡಿಗ್ರಿಯ ಹದಿನಾರನೆಯ ಒಂದು ಭಾಗ. ಇದು ಸೂಕ್ಷ್ಮತೆ.

ನಿಖರತೆ ಎಂಬುದು ಬೇರೆಯೇ ಗುಣ. −10ರಿಂದ 85 ಡಿಗ್ರಿಯವರೆಗೆ ತಮ್ಮ ತುಣುಕು ಅರ್ಧ ಡಿಗ್ರಿಯಷ್ಟು ಮೇಲೆ ಅಥವಾ ಕೆಳಗೆ ತಪ್ಪಬಹುದೆಂದು ತಯಾರಕರೇ ವಿವರಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಆದುದರಿಂದ 25.0625 ಎಂದರೆ, ನೀರಿನ ನಿಜವಾದ ಉಷ್ಣತೆ ಸುಮಾರು 24.5ರಿಂದ 25.5ರೊಳಗೆ ಎಲ್ಲಿಯಾದರೂ ಇರಬಹುದೆಂದು ಅರ್ಥ. ತಕ್ಕಡಿಯ ಮುಳ್ಳು ಎಷ್ಟೇ ನವಿರಾಗಿ ಅಲುಗಿದರೂ, ಬಟ್ಟಿನಲ್ಲಿ ಮೋಸವಿದ್ದರೆ ತೂಕ ಸರಿಯಾದೀತೇ? ಮಕ್ಕಳು ತಮ್ಮ ವರದಿಯಲ್ಲಿ 25.1 ಎಂದು ಬರೆದು, ಮುಂದೆ "ಅರ್ಧ ಡಿಗ್ರಿ ಹೆಚ್ಚು ಕಡಿಮೆ" ಎಂದು ಸೇರಿಸಿದರೆ ಅದೇ ಪ್ರಾಮಾಣಿಕ ಬರವಣಿಗೆ. ನಾಲ್ಕು ಸ್ಥಾನಗಳನ್ನು ಬರೆಯುವುದು ಇಲ್ಲದ ಒಡವೆಯನ್ನು ಎರವಲು ತಂದು ತೊಟ್ಟಂತೆ.

ಇದರ ಮೇಲೆ, ಅಸಲಿನ ಹೆಸರನ್ನೇ ಹೊತ್ತ ಅನುಕರಣೆಯ ತುಣುಕುಗಳೂ ಮಾರುಕಟ್ಟೆಯಲ್ಲಿ ಬಹಳವಾಗಿವೆ. ಅವುಗಳಲ್ಲಿ ಕೆಲವು ಚೆನ್ನಾಗಿಯೇ ಅಳೆಯುತ್ತವೆ, ಕೆಲವು ಅಡ್ಡದಾರಿ ಹಿಡಿಯುತ್ತವೆ. ಹೊರಗಿನಿಂದ ನೋಡಿ ಗುರುತಿಸುವುದು ಕಷ್ಟ. ಆದಕಾರಣ ಪರೀಕ್ಷಿಸದೆ ಯಾವ ಸಂವೇದಕವನ್ನೂ ಕೆಲಸಕ್ಕೆ ಹಚ್ಚಬಾರದು.

ಪರೀಕ್ಷಿಸುವ ಬಗೆ

ಮೊದಲನೆಯ ಪರೀಕ್ಷೆ ಕರಗುತ್ತಿರುವ ಮಂಜುಗಡ್ಡೆಯಲ್ಲಿ. ಕುಡಿಯುವ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಪುಡಿಮಾಡಿ, ಲೋಟದ ತುಂಬ ಒತ್ತಿ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ತಣ್ಣೀರು ಹಾಕಬೇಕು. ಗಟ್ಟಿ ಗಂಜಿಯಂತಿರುವ ಈ ಮಿಶ್ರಣದ ನಡುವೆ ಕೊಳವೆಯನ್ನಿಟ್ಟು, ಮೆಲ್ಲಗೆ ಕಲಕುತ್ತ ಕೆಲವು ನಿಮಿಷ ಕಾದರೆ ಸಂವೇದಕ ಸೊನ್ನೆಯ ಹತ್ತಿರ ನಿಲ್ಲಬೇಕು. ನೀರಿನ ಲೋಟದಲ್ಲಿ ನಾಲ್ಕು ತುಂಡು ತೇಲಿಸಿದರೆ ಸಾಲದು; ಅದರ ತಳದ ನೀರು ಸೊನ್ನೆಗಿಂತ ಹಲವು ಡಿಗ್ರಿ ಮೇಲಿರಬಹುದು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಬಳಿ ಮೀನು ಕೆಡದಂತೆ ಇಡಲು ತರುವ ಮಂಜುಗಡ್ಡೆ ಅಗ್ಗವಾಗಿ ದೊರೆತರೂ ಈ ಕೆಲಸಕ್ಕೆ ಬೇಡ. ಉಪ್ಪೋ ಇನ್ನಾವುದೋ ಬೆರೆತ ಮಂಜುಗಡ್ಡೆ ಸೊನ್ನೆಗಿಂತ ಕೆಳಗೆ ಕರಗುತ್ತದೆ.

ಎರಡನೆಯದು ಕುದಿಯುವ ನೀರಿನಲ್ಲಿ. ಇದನ್ನು ಅಧ್ಯಾಪಕರೇ ಮಾಡಿ ತೋರಿಸಬೇಕು. ಲೋಹದ ಭಾಗವನ್ನು ಮಾತ್ರ, ಸ್ವಲ್ಪ ಹೊತ್ತು ಮಾತ್ರ ಅದ್ದಬೇಕು. ತಂತಿಯ ಹೊದಿಕೆ ಹೆಚ್ಚು ಶಾಖವನ್ನು ತಾಳಲಾರದು. ಆಗ ಸಂವೇದಕ ನೂರನ್ನು ತೋರಿಸದೆ ತೊಂಬತ್ತೇಳರ ಸುತ್ತಮುತ್ತ ನಿಲ್ಲುತ್ತದೆ. ಮಕ್ಕಳು ಕೂಡಲೇ "ಸಾರ್, ಇದು ಕೆಟ್ಟಿದೆ" ಎನ್ನುತ್ತಾರೆ. ಕೆಟ್ಟಿರುವುದು ಸಂವೇದಕವಲ್ಲ, ನಾವು ಬಾಯಿಪಾಠ ಮಾಡಿದ ವಾಕ್ಯ. ನೀರು ನೂರು ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೆಯ ಒಂದು ಭಾಗದಷ್ಟು ಕಡಿಮೆ. ಆದ್ದರಿಂದ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮಂಗಳೂರಿನಲ್ಲಿ ಇದೇ ಪ್ರಯೋಗ ಮಾಡಿದರೆ ಅಂಕಿ ನೂರನ್ನು ಸಮೀಪಿಸುತ್ತದೆ. ಪುಸ್ತಕದ ವಾಕ್ಯಕ್ಕೂ ನಮ್ಮ ಊರಿನ ನೀರಿಗೂ ಇರುವ ಈ ಮೂರು ಡಿಗ್ರಿಯ ಅಂತರವನ್ನು ಮಕ್ಕಳು ತಾವೇ ಕಂಡುಕೊಳ್ಳುವುದು ಎಷ್ಟು ದೊಡ್ಡ ಲಾಭ! ಆದರೆ 85 ಡಿಗ್ರಿಯಿಂದ ಮೇಲೆ ತಯಾರಕರ ಅರ್ಧ ಡಿಗ್ರಿಯ ಭರವಸೆ ಸಡಿಲವಾಗುವುದೆಂಬುದನ್ನೂ ಮರೆಯಬಾರದು.

ಮೂರನೆಯದು ಹೋಲಿಕೆಯ ಪರೀಕ್ಷೆ. ಶಾಲೆಯಲ್ಲಿರುವ ಎಲ್ಲ ಸಂವೇದಕಗಳನ್ನೂ ಒಂದು ಕಟ್ಟಾಗಿ ಕಟ್ಟಿ ಒಂದೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಜ್ವರ ನೋಡುವ ಒಳ್ಳೆಯ ಉಷ್ಣತಾಮಾಪಕವನ್ನೂ ಜೊತೆಗಿಟ್ಟು, ಬೆಚ್ಚಗಿನ ನೀರಿನಲ್ಲಿ ಅಂಕಿಗಳನ್ನು ಬರೆದುಕೊಳ್ಳಬೇಕು. ಗುಂಪಿನಿಂದ ದೂರ ಸರಿದ ಸಂವೇದಕ ಯಾವುದೆಂಬುದು ಆಗ ತಾನಾಗಿಯೇ ಬಯಲಾಗುತ್ತದೆ. ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ, ಅದರ ದೋಷವೆಷ್ಟೆಂದು ದಿನಾಂಕದೊಡನೆ ಬರೆದಿಡುವುದು ಉತ್ತಮ ಪದ್ಧತಿ.

ಜಲನಿರೋಧಕ ಎಂಬ ಮಾತಿನ ಮಿತಿ

ಉಕ್ಕಿನ ಕೊಳವೆಯ ಒಂದು ತುದಿ ಮುಚ್ಚಿದೆ. ಇನ್ನೊಂದು ತುದಿಯಿಂದ ತಂತಿ ಹೊರಬರುತ್ತದೆ; ಅಲ್ಲಿ ಅಂಟನ್ನು ತುಂಬಿ, ಮೇಲೆ ಪ್ಲಾಸ್ಟಿಕ್ ತೋಳನ್ನು ಬಿಸಿಮಾಡಿ ಬಿಗಿದಿರುತ್ತಾರೆ. ನೀರು ಒಳನುಗ್ಗುವ ಬಾಗಿಲು ಅದೊಂದೇ. ಕೆಲವು ಗಂಟೆ ಮುಳುಗಿಸಿ ತೆಗೆಯುವ ಪ್ರಯೋಗಕ್ಕೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ನೀರಿನಲ್ಲಿಡುವುದಾದರೆ, ಬಿಸಿಗೂ ತಂಪಿಗೂ ಹಿಗ್ಗಿ ಕುಗ್ಗಿ ಅಂಟು ಬಿರುಕು ಬಿಡಬಹುದು. ತೇವ ಮೆಲ್ಲಮೆಲ್ಲನೆ ಒಳಸೇರಿ ಅಂಕಿಗಳು ಜಿಗಿಯಲಾರಂಭಿಸಬಹುದು. ಸಾಧ್ಯವಿದ್ದರೆ ಆ ಸಂಧಿಯನ್ನು ಇನ್ನೊಂದು ಪದರ ಅಂಟಿನಿಂದ ಭದ್ರಪಡಿಸಬೇಕು. ಇಲ್ಲವೇ ಕೊಳವೆಯ ಲೋಹಭಾಗ ಮಾತ್ರ ಮುಳುಗಿ ಸಂಧಿ ನೀರಿನ ಮೇಲಿರುವಂತೆ ತೂಗುಹಾಕಬೇಕು. ಬಹುದಿನ ಮುಳುಗಿದ್ದ ಸಂವೇದಕವನ್ನು ಆಗಾಗ ಹೊರತೆಗೆದು ಮತ್ತೆ ಮಂಜುಗಡ್ಡೆಯ ಪರೀಕ್ಷೆಗೆ ಒಡ್ಡುವುದೂ ಅಗತ್ಯ.

ಮನೆಯಲ್ಲಿ ಮಕ್ಕಳು ಇದನ್ನು ಹಲವು ಕಡೆ ಬಳಸಬಹುದು: ಮೀನಿನ ತೊಟ್ಟಿ, ಮಾಳಿಗೆಯ ಸೌರ ಜಲತಾಪಕ, ಗೊಬ್ಬರದ ಗುಂಡಿ, ರೇಷ್ಮೆಹುಳು ಸಾಕುವ ಮನೆ. ಆದರೆ ಹಾಲು, ಕುಡಿಯುವ ನೀರು, ಇಡ್ಲಿಯ ಹಿಟ್ಟು ಮುಂತಾದುವುಗಳಲ್ಲಿ ನೇರವಾಗಿ ಅದ್ದುವುದು ತರವಲ್ಲ. ಇವುಗಳ ಲೋಹವೂ ಅಂಟೂ ಆಹಾರಕ್ಕೆ ಯೋಗ್ಯವೆಂದು ಯಾರೂ ಪ್ರಮಾಣ ಕೊಟ್ಟಿರುವುದಿಲ್ಲ. ಹಿಟ್ಟಿನ ಹುದುಗನ್ನು ಅಭ್ಯಸಿಸಬೇಕೆಂದರೆ ಪಾತ್ರೆಯ ಹೊರಮೈಗೆ ಸಂವೇದಕವನ್ನು ಕಟ್ಟಿ ಬಟ್ಟೆ ಸುತ್ತಿದರೆ ಸಾಕು. ಧನುರ್ಮಾಸದ ಚಳಿಯಲ್ಲಿ ಹಿಟ್ಟು ಏಕೆ ಉಬ್ಬುವುದಿಲ್ಲವೆಂಬ ಅಮ್ಮನ ಪ್ರಶ್ನೆಗೆ ಮಗಳು ಅಂಕಿಗಳೊಡನೆ ಉತ್ತರ ಕೊಡಬಲ್ಲಳು.

ಹಲಸೂರು ಕೆರೆಯ ಪಾಠ

ನಮ್ಮ ವಿದ್ಯಾರ್ಥಿಗಳು ದಿನನಿತ್ಯ ಕಾಣುವ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದು ಅನೇಕ ವಾಚಕರ ನೆನಪಿನಲ್ಲಿರಬಹುದು. ಕೊಳಚೆ ಸೇರಿ ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದುದು ಅಂದು ಕಾರಣವಾಗಿ ಹೇಳಲ್ಪಟ್ಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನಗರದ ಉಷ್ಣತೆ 39.2 ಡಿಗ್ರಿಗೆ ಏರಿತ್ತು. ಬೇಸಗೆಗೂ ಮೀನಿನ ಉಸಿರಿಗೂ ಸಂಬಂಧವಿದೆಯೇ ಎಂದು ಮಕ್ಕಳು ಕೇಳಿದರೆ, ಇದೆ ಎನ್ನಬೇಕು. ತಣ್ಣನೆಯ ನೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಡುತ್ತದೆ, ಬೆಚ್ಚಗಿನ ನೀರು ಕಡಿಮೆ. ನಮ್ಮ ಊರಿನ ಗಾಳಿಯೊತ್ತಡದಲ್ಲಿ 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 8.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲದಾದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 6.7 ಮಿಲಿಗ್ರಾಂ ಮಾತ್ರ. ನೀರು ಬೆಚ್ಚಗಾದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಕೊಳಚೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳೂ ಚುರುಕಾಗಿ ಅದನ್ನು ಕಬಳಿಸುತ್ತವೆ. ಆದಾಯ ಇಳಿದ ಮನೆಯಲ್ಲಿ ಖರ್ಚು ಏರಿದಂತೆ. ರಾತ್ರಿ ಬೆಳಕಿಲ್ಲದೆ ಪಾಚಿ ಆಮ್ಲಜನಕವನ್ನು ತಯಾರಿಸುವುದಿಲ್ಲವಾದುದರಿಂದ ಬೆಳಗಿನ ಜಾವಕ್ಕೆ ಸ್ಥಿತಿ ಅತ್ಯಂತ ಕಠಿಣವಾಗುತ್ತದೆ.

ಸಂಬಂಧಪಟ್ಟವರ ಅನುಮತಿ ಪಡೆದು, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಹಗಲಿನಲ್ಲಿ ಎರಡು ಸಂವೇದಕಗಳನ್ನು ಒಂದೇ ಹಗ್ಗಕ್ಕೆ ಕಟ್ಟಿ, ಒಂದನ್ನು ನೀರಿನ ಮೇಲ್ಮೈಯಲ್ಲಿಯೂ ಇನ್ನೊಂದನ್ನು ಆಳದಲ್ಲಿಯೂ ಇಳಿಬಿಟ್ಟರೆ, ಬಿಸಿಲಿಗೆ ಮೇಲಿನ ಪದರ ಹೇಗೆ ಬೆಚ್ಚಗಾಗುವುದೆಂದೂ ಕೆಳಗಿನದು ಹೇಗೆ ತಂಪಾಗಿಯೇ ಉಳಿಯುವುದೆಂದೂ ಮಕ್ಕಳು ಕಣ್ಣಾರೆ ಕಾಣುತ್ತಾರೆ. ಹಗುರವಾದ ಬೆಚ್ಚನೆಯ ನೀರು ಮೇಲೆ ಮುಚ್ಚಳದಂತೆ ನಿಂತು, ಗಾಳಿಯ ಆಮ್ಲಜನಕ ಕೆಳಗಿಳಿಯದಂತೆ ತಡೆಯುತ್ತದೆ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆ ಅವಶ್ಯ. ನಮ್ಮ ಸಂವೇದಕ ಅಳೆಯುವುದು ಉಷ್ಣತೆಯನ್ನು ಮಾತ್ರ, ಆಮ್ಲಜನಕವನ್ನಲ್ಲ, ಕೊಳಚೆಯನ್ನಲ್ಲ. "ಕೆರೆಯ ನೀರು 29 ಡಿಗ್ರಿ ಇತ್ತು, ಆದ್ದರಿಂದ ಮೀನು ಸತ್ತವು" ಎಂದು ಬರೆದ ವರದಿ ತೊಟ್ಟಿಯ ಜ್ವರಕ್ಕಿಂತ ದೊಡ್ಡ ತಪ್ಪು. ಏಕೆಂದರೆ ಅದು ಕೊಳಚೆಯನ್ನು ಕೆರೆಗೆ ಬಿಟ್ಟವರ ಹೊಣೆಯನ್ನು ಸೂರ್ಯನ ಮೇಲೆ ಹೊರಿಸುತ್ತದೆ. ಬೇಸಗೆ ಪ್ರತಿ ವರ್ಷವೂ ಬರುತ್ತದೆ. ಸ್ವಚ್ಛವಾದ ಕೆರೆಯ ಮೀನು ಅದನ್ನು ದಾಟಿ ಬದುಕುತ್ತದೆ. ಅಳೆದುದನ್ನು ಅಳೆದೆವೆಂದೂ, ಅಳೆಯದುದನ್ನು ಅಳೆದಿಲ್ಲವೆಂದೂ ಹೇಳುವ ಧೈರ್ಯವನ್ನು ವಿಜ್ಞಾನದ ವಿದ್ಯಾರ್ಥಿಗೆ ಕಲಿಸಬೇಕಾಗಿದೆ. ಹಲಸೂರಿನಿಂದ ಹರಿದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಇಲ್ಲಿ ಬರೆದ ತಪ್ಪು ಅಂಕಿಯೂ ಹಾಗೆಯೇ ಬಹುದೂರ ಹರಿಯುತ್ತದೆ.

ಅಧ್ಯಾಪಕರಲ್ಲಿ, ದಾನಿಗಳಲ್ಲಿ ಎರಡು ಮಾತು

ಒಂದು ತರಗತಿಗೆ ಆರು ಸಂವೇದಕಗಳು, ಎರಡು ಫಲಕಗಳು, ಒಂದಷ್ಟು ತಂತಿ ಮತ್ತು ರೆಸಿಸ್ಟರುಗಳಿದ್ದರೆ ವರ್ಷವಿಡೀ ಪ್ರಯೋಗ ನಡೆಯುತ್ತದೆ. ಪ್ರಯೋಗಶಾಲೆಗೆ ನೆರವಾಗುತ್ತಿರುವ ದಾನಿಗಳಿಗೆ ಇದು ದೊಡ್ಡ ವೆಚ್ಚವೆನಿಸದು. ಆದರೆ ಉಪಕರಣದ ಪೆಟ್ಟಿಗೆಯೊಡನೆ ಒಂದು ದಪ್ಪ ನೋಟ್‌ಬುಕ್ಕನ್ನೂ ಕೊಡಬೇಕೆಂದು ನನ್ನ ವಿನಂತಿ. ಯಾವ ಸಂವೇದಕವನ್ನು ಎಂದು ಪರೀಕ್ಷಿಸಲಾಯಿತು, ಎಷ್ಟು ತಪ್ಪಿತು, ಯಾವ ಅಂಕಿಯನ್ನು ಏಕೆ ಕೈಬಿಡಲಾಯಿತು ಎಂಬುದೆಲ್ಲವೂ ಮಕ್ಕಳ ಕೈಬರಹದಲ್ಲಿಯೇ ಅದರಲ್ಲಿರಬೇಕು. ಕಾರ್ಖಾನೆಗಳಲ್ಲಿಯೂ ಪ್ರಯೋಗಾಲಯಗಳಲ್ಲಿಯೂ ದುಡಿದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ಆ ಪುಟಗಳನ್ನು ತಿರುವಿ ಪ್ರಶ್ನೆ ಕೇಳಿದರೆ, ಅದಕ್ಕಿಂತ ಮಿಗಿಲಾದ ಕಾಣಿಕೆ ಇನ್ನೊಂದಿಲ್ಲ.

ಬೆರಳಿನ ಸಾಕ್ಷಿ ಸಾಲದೆಂದು ಮನುಷ್ಯನು ಉಷ್ಣತಾಮಾಪಕವನ್ನು ಕಟ್ಟಿದನು. ಉಷ್ಣತಾಮಾಪಕದ ಸಾಕ್ಷಿಯನ್ನು ಒರೆಗೆ ಹಚ್ಚಲು ಮತ್ತೆ ಬೆರಳನ್ನೇ ಅದ್ದಬೇಕಾದ ಗಳಿಗೆಯೂ ಬರುತ್ತದೆಂಬುದನ್ನು ಆ ಹಿರಿಯರು ಒದ್ದೆ ಕೈಯಿಂದ ನಮಗೆ ಕಲಿಸಿದರು. ನಮ್ಮ ವಿಜ್ಞಾನ ಕೊಠಡಿಯಲ್ಲಿ ಆ ಎರಡು ಹಾಳೆಗಳು ಇಂದಿಗೂ ಅಕ್ಕಪಕ್ಕದಲ್ಲಿ ತೂಗುತ್ತಿವೆ. ಹೊಸದಾಗಿ ಸೇರಿದ ಮಕ್ಕಳು ಮೊದಲ ದಿನ ಅವುಗಳ ಮುಂದೆ ನಿಂತು ಓದಿದ ಮೇಲೆಯೇ ಅವರ ಕೈಗೆ ಸಂವೇದಕವನ್ನು ಕೊಡುವುದು ನಮ್ಮಲ್ಲಿ ರೂಢಿಯಾಗಿದೆ.